ನಾಲ್ಕನೇ ನಂಬರಿನ ಲಾಗಿನ್

ಪರಶುರಾಮನಿಗೆ ಕರೆಂಟಿನ ಭಯ ಇರಲಿಲ್ಲ. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಹನ್ನೊಂದು ವರ್ಷ ಗುತ್ತಿಗೆಯ ವೈರ್‌ಮನ್ ಆಗಿದ್ದವನು. ಮಳೆಗಾಲದಲ್ಲಿ ಕಂಬ ಹತ್ತಿ, ಬೀಡಿ ಕಚ್ಚಿಕೊಂಡೇ ಫ್ಯೂಜು ಹಾಕಿ ಇಳಿದವನು. ಅವನ ಪುಕ್ಕಲುತನವೆಲ್ಲ ಕಾಗದದ ಮುಂದೆ. ಸಹಿ ಮಾಡು ಅಂದರೆ ಅವನ ಕೈ ಬೆವರುತ್ತಿತ್ತು, ಸಾಹೇಬರು ಕರೀತಾರೆ ಅಂದರೆ ಸಂಡಾಸಿಗೆ ಓಡುತ್ತಿದ್ದ. ಇಂಥವನನ್ನು ಹಳಿಯಾಳ ರಸ್ತೆಯ ಹನ್ನೆರಡು ಕೋಣೆಗಳ ಲಾಡ್ಜೊಂದಕ್ಕೆ ಮ್ಯಾನೇಜರ್ ಮಾಡಿ, ಮೂರು ಮೂರು ರಿಜಿಸ್ಟರುಗಳ ಮುಂದೆ ಕೂರಿಸಿದವರು ಲಾಡ್ಜಿನ ಮಾಲೀಕ ಮಲಕಪ್ಪ ಸಾವಕಾರರು.

ಎರಡು ಸಾವಿರದ ಎಂಟನೇ ಇಸವಿ. ಕಾಳಿ ನದಿಯಲ್ಲಿ ದೋಣಿ ಆಡಲು ಬರುವ ಪುಣೆ, ಗೋವಾ ಕಡೆಯ ಜನ ಬಟ್ಟೆಗಿಂತ ಮೊದಲು ಲ್ಯಾಪ್‌ಟಾಪ್ ಬಿಚ್ಚುವ ಕಾಲ ಬಂದಿತ್ತು. ಸಾವಕಾರರು ಹುಬ್ಬಳ್ಳಿಯಿಂದ ದಿನೇಶ ಎಂಬ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿ, ಕೌಂಟರಿನ ಹಿಂದಿನ ಹಲಗೆಯ ಮೇಲೆ ಎರಡು ಕೊಂಬಿನ ಕರಿ ಪೆಟ್ಟಿಗೆಯೊಂದನ್ನು ಕೂಡಿಸಿದರು. ತಂತಿಯಿಲ್ಲದೆ ಕೋಣೆಕೋಣೆಗೂ ಇಂಟರ್ನೆಟ್ ಮುಟ್ಟಿಸುವ ಪೆಟ್ಟಿಗೆ ಅದು. ಗಿರಾಕಿ ಬಂದು ಕೇಳಿದರೆ ಪರಶುರಾಮ ಒಂದು ಚೀಟಿ ಕೊಡಬೇಕು. ಚೀಟಿಯಲ್ಲಿರುವ ಹೆಸರು, ಪಾಸ್‌ವರ್ಡ್ ಹಾಕಿದರೆ ಒಂದು ತಾಸು ನಡೆಯುತ್ತದೆ. ದೊಡ್ಡ ಊರುಗಳಲ್ಲಿ ಬಾಂಬು ಸಿಡಿದ ವರ್ಷ ಅದು. ಯಾರು ಎಷ್ಟು ಹೊತ್ತಿಗೆ ಇಂಟರ್ನೆಟ್ ಬಳಸಿದರು ಎಂದು ಬರೆದಿಡಲೇಬೇಕು ಅಂತ ಪೊಲೀಸರು ಬಂದು ತಾಕೀತು ಮಾಡಿ ಹೋಗಿದ್ದರು. ಅದಕ್ಕೊಂದು ರಿಜಿಸ್ಟರು.

ಪರಶುರಾಮ ಅದನ್ನು ಬರೆಯುವ ರೀತಿಯೇ ಬೇರೆ. ಹಗಲೆಲ್ಲ ಚೀಟಿ ಕೊಡುವುದು, ದೀಪ ಹಚ್ಚುವ ಹೊತ್ತಿಗೆ ಕನ್ನಡಕ ಹಾಕಿಕೊಂಡು ಒಂದೇ ಉಸಿರಿಗೆ ನೆನಪಿದ್ದಷ್ಟು ತುಂಬುವುದು. ನೆನಪಿಲ್ಲದ್ದನ್ನು ಅಂದಾಜಿನ ಮೇಲೆ ಬರೆಯುವುದು. ಅದರಲ್ಲೇ ಕೋಣೆ ಬಿಟ್ಟ ಹೊತ್ತನ್ನೂ ಬರೆಯಬೇಕು; ಎಲ್ಲ ಗಿರಾಕಿಗಳಿಗೂ ಹನ್ನೆರಡು ಗಂಟೆ. ಬೆಳಗಿನ ಆರಕ್ಕೆ ಹೋದವನೂ ಹನ್ನೆರಡಕ್ಕೇ ಹೋದ! ಮಿಲ್ಲಿನಲ್ಲಿ ಮೇಸ್ತ್ರಿ ವಾರದ ಹಾಜರಿಯನ್ನು ಶನಿವಾರ ಕೂತು ಹೀಗೇ ಬರೆಯುತ್ತಿದ್ದ. ಅವನಿಂದ ಕಲಿತ ವಿದ್ಯೆ. ಸಾವಕಾರರು ನೋಡುತ್ತಿದ್ದುದು ಸಾಲು ತುಂಬಿದೆಯೋ ಇಲ್ಲವೋ ಅಷ್ಟನ್ನೇ.

ಆ ವರ್ಷದ ದಸರೆಯಲ್ಲಿ, ಯಂತ್ರ ಹತಾರಗಳಿಗೆ ಪೂಜೆ ಮಾಡುವ ಖಂಡೇಪೂಜೆಯ ದಿನ ಬೆಳಿಗ್ಗೆ ಎಂಟಕ್ಕೆ, ಕೋಣೆ ಗುಡಿಸುವ ಸಿದ್ದಕ್ಕ ಪೂಜೆಯ ತಾಟು ಹಿಡಿದುಕೊಂಡು ಹೊರಟಳು. ಐವತ್ತೈದು ದಾಟಿದ ಹೆಣ್ಣುಮಗಳು. ಹಬ್ಬದ ದಿನ ಅವಳನ್ನು ತಡೆಯುವ ಗಂಡಸು ಆ ಲಾಡ್ಜಿನಲ್ಲಿ ಹುಟ್ಟಿರಲಿಲ್ಲ. ಜನರೇಟರಿಗೆ ವಿಭೂತಿ, ರುಬ್ಬುವ ಯಂತ್ರಕ್ಕೆ ಕುಂಕುಮ, ಸಾವಕಾರರ ಸ್ಕೂಟರಿಗೆ ಚೆಂಡುಹೂವಿನ ಮಾಲೆ, ಟೆಲಿಫೋನಿಗೂ ಒಂದು ಹೂವು. ಕಡೆಗೆ ಕರಿ ಪೆಟ್ಟಿಗೆ. ಅದರ ಕೊಂಬುಗಳಿಗೆ ಅರಿಸಿನ ಹಚ್ಚಿದಳು. ಊದಿನಕಡ್ಡಿ ಎಲ್ಲಿ ಸಿಗಿಸಬೇಕು ಎಂದು ತಿರುಗಿಸಿ ನೋಡಿದರೆ ಬೆನ್ನಿಗೆ ಒಂದು ಸಣ್ಣ ತೂತು, ಅಳತೆ ಕೊಟ್ಟು ಮಾಡಿಸಿದ ಹಾಗೆ. ಸಿಗಿಸಿದಳು, ಕೈಮುಗಿದಳು, ಹೋದಳು.

ಅರ್ಧ ತಾಸಿಗೆ ಏಳನೇ ನಂಬರಿನ ಪುಣೆಯವನು ತೆರೆದ ಲ್ಯಾಪ್‌ಟಾಪನ್ನು ಅಂಗೈ ಮೇಲೆ ಹೊತ್ತು ಬಂದ. ಮೂಲೆಯಲ್ಲಿ ಹಳದಿ ಗುರುತು, ಚೀಟಿಯ ಹೆಸರು ಕೇಳುವ ಪುಟವೇ ಬರುತ್ತಿಲ್ಲ. ಅವನ ಹಿಂದೆ ಮೂರನೇ ಕೋಣೆಯವರು, ಅವರ ಹಿಂದೆ ಒಂಬತ್ತನೇ ಕೋಣೆಯವರು. ಮೂರು ಹಿಂದಿ, ಒಂದು ಇಂಗ್ಲಿಷು ಸೇರಿ ಪರಶುರಾಮನ ಕಿವಿ ಬಿಸಿಯಾಯಿತು. ದಿನೇಶನಿಗೆ ಫೋನು ಹಚ್ಚಿದ.

“ಲ್ಯಾಪ್‌ಟಾಪಿಗೆ ಏನ ಅಡ್ರೆಸ್ ಬಂದೈತಿ ನೋಡ್ರಿ ಅಣ್ಣಾ. ನಂಬರ್ ಇರ್ತಾವ. ಓದ್ರಿ,” ಅಂದ ದಿನೇಶ.

ಪುಣೆಯವನು ತೆಗೆದು ತೋರಿಸಿದ. “ನೂರಾ ಅರವತ್ತೊಂಬತ್ತರಿಂದ ಸುರು ಆಗ್ತೈತಿ,” ಅಂದ ಪರಶುರಾಮ.

“ಹಂಗಾರ ನಿಮ್ಮ ಪೆಟ್ಟಿಗಿ ಕೊಟ್ಟಿದ್ದಲ್ಲ ಅದು. ಪೆಟ್ಟಿಗಿ ಕೊಟ್ರ ನೂರಾ ತೊಂಬತ್ತೆರಡರಿಂದ ಸುರು ಆಗಬೇಕು. ಯಾರೂ ಕೊಡಲಿಲ್ಲಂದ್ರ ಲ್ಯಾಪ್‌ಟಾಪು ತಾನ ಒಂದು ನಂಬರ್ ಬರಕೊಂಡು ಕುಂದರ್ತದ. ಹೆಸರಿಗೆ ಅಡ್ರೆಸ್ಸು, ಎಲ್ಲಿಗೂ ಹೋಗಿ ಮುಟ್ಟಂಗಿಲ್ಲ.”

ಲ್ಯಾಪ್‌ಟಾಪ್ ಆರಿಸಿ ಹಚ್ಚಿದರು. ಅದೇ ನಂಬರು. ತಂತಿಗಳನ್ನು ಕಿತ್ತು ಮತ್ತೆ ಸಿಗಿಸಿದರು. ಅದೇ. ಪೆಟ್ಟಿಗೆಯ ದೀಪ ಹೆಂಗೈತಿ ಅಂದ ದಿನೇಶ. ಎಲ್ಲ ದೀಪಗಳೂ ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತಿದ್ದವು. ದಿನೇಶ, ಹಿಂದೊಂದು ಸಣ್ಣ ತೂತು ಇರುತ್ತದೆ, ಅದರಲ್ಲಿ ಏನಾದರೂ ಸಿಕ್ಕಿದೆಯೇ ನೋಡಿರಿ ಎಂದ. ಪರಶುರಾಮ ಪೆಟ್ಟಿಗೆ ತಿರುಗಿಸಿದ. ಕೈಮೇಲೆ ಬೂದಿ ಉದುರಿತು.

“ಊದಿನಕಡ್ಡಿ ಐತಿ.”

ಆ ಕಡೆಯಿಂದ ನಗು ಕೇಳಿಸಿತು, ಆಮೇಲೆ ನಿಂತಿತು. “ಅಣ್ಣಾ, ಆ ತೂತಿನಾಗ ಹತ್ತ ಎಣಿಸೂತನಕ ಒತ್ತಿದ್ರ ಪೆಟ್ಟಿಗಿ ಅಂಗಡಿಯಿಂದ ತಂದಾಗ ಹೆಂಗಿತ್ತೋ ಹಂಗ ಆಗಿಬಿಡ್ತೈತಿ. ನಾ ಹಾಕಿದ್ದೆಲ್ಲಾ ಅಳಿಸಿ ಹೋಗ್ತದ. ನಿಮ್ಮಲ್ಲಿ ಅರ್ಧಾ ತಾಸ ಒತ್ಯಾರ!”

ಪರಶುರಾಮ ಇಕ್ಕಳದಿಂದ ಕಡ್ಡಿಯ ಬಿದಿರಿನ ತುಂಡನ್ನು ಕಿತ್ತ. ದೀಪಗಳು ಒಂದೊಂದಾಗಿ ನೆಲೆಗೆ ನಿಂತವು. ಪುಣೆಯವನ ಲ್ಯಾಪ್‌ಟಾಪಿಗೆ ನೂರಾ ತೊಂಬತ್ತೆರಡರ ಅಡ್ರೆಸ್ಸು ಬಂತು, ಹಳದಿ ಗುರುತು ಹೋಯಿತು, ಇ-ಮೇಲುಗಳು ದಬದಬ ಇಳಿದವು. ಆದರೆ ಹೆಸರು ಕೇಳಲಿಲ್ಲ, ಪಾಸ್‌ವರ್ಡ್ ಕೇಳಲಿಲ್ಲ. ಚೀಟಿಯೇ ಬೇಡ.

“ಅದನ್ನ ಈಗ ಬಂದ್ ಮಾಡ್ರಿ,” ಅಂದ ದಿನೇಶ. “ಬಾಗಲಾ ತಗದಿಟ್ಟ ಮನಿ ಆಗೈತಿ ಅದು. ರಸ್ತಾದಾಗ ನಿಂತಾವನೂ ಒಳಗ ಬರಬಹುದು. ಹಬ್ಬಾ ಮುಗಿಸಿ ಸೋಮವಾರ ಬಂದು ಲಾಗಿನ್ ಕುಂದರಸ್ತೇನಿ. ಅಲ್ಲೀತನಕ ಬಂದ್. ತಿಳೀತಿಲ್ಲೋ?”

ತಿಳಿಯಿತು. ಸ್ವಿಚ್ಚಿನ ಮೇಲೆ ಕೈಯನ್ನೂ ಇಟ್ಟ. ಅಷ್ಟರಲ್ಲಿ ಪುಣೆಯವನು ಬೆನ್ನು ತಟ್ಟಿ, ನಿಮ್ಮಂಥ ಇಂಜಿನಿಯರು ಪುಣೆಯಲ್ಲೂ ಇಲ್ಲ ಅಂದ. ಮೂರನೇ ಕೋಣೆಯವರು ನಕ್ಕರು. ವೈರ್‌ಮನ್ ಪರಶುರಾಮನನ್ನು ಜನ್ಮದಲ್ಲಿ ಮೊದಲ ಸಲ ಒಬ್ಬರು ಇಂಜಿನಿಯರ್ ಅಂದಿದ್ದರು. ಕೈ ತೆಗೆದ. ನಾಲ್ಕು ದಿನದಲ್ಲಿ ಏನು ಮುಳುಗಿ ಹೋಗುತ್ತದೆ ಅಂದುಕೊಂಡ. ಅಂದು ಸಂಜೆ ರಿಜಿಸ್ಟರು ಖಾಲಿ ಬಿಡಲು ಮನಸ್ಸಾಗದೆ, ದಿನದ ಹಾಗೇ ಕೂತು ಕೋಣೆಗೊಬ್ಬರಂತೆ, ತಾಸಿಗೊಬ್ಬರಂತೆ ತುಂಬಿ, ಕೆಳಗೆ ಸಹಿ ಮಾಡಿ ಮನೆಗೆ ಹೋಗಿ ಹೋಳಿಗೆ ಉಂಡ.

ಸೋಮವಾರ ದಿನೇಶ ಬಂದು ಲಾಗಿನ್ ಕೂಡಿಸಿ ಹೋದ. ಬುಧವಾರ ಹತ್ತು ಗಂಟೆಗೆ ಪೊಲೀಸ್ ಜೀಪು ಬಂದು ನಿಂತಿತು.

ಸಬ್‌ಇನ್ಸ್‌ಪೆಕ್ಟರ್ ಕೂಗಾಡುವವರಲ್ಲ. ಅದೇ ಇನ್ನಷ್ಟು ಹೆದರಿಕೆ. ಕುರ್ಚಿ ಎಳೆದುಕೊಂಡು ಕೂತು, ನೀರು ಕುಡಿದು, ಮೆಲ್ಲಗೆ ಹೇಳಿದರು: ಖಂಡೇಪೂಜೆಯ ದಿನ ಬೆಳಗಾವಿ ಕಡೆಯ ಒಂದು ಕಾಲೇಜಿಗೆ ಬಾಂಬಿನ ಬೆದರಿಕೆ ಮೇಲ್ ಹೋಗಿದೆ. ಪ್ರತಿ ಇ-ಮೇಲಿನ ಬೆನ್ನಿಗೂ ಒಂದು ಅಡ್ರೆಸ್ ನಂಬರು ಇರುತ್ತದೆ. ಹುಡುಕಿಸಿದರೆ ಆ ನಂಬರು ಈ ಲಾಡ್ಜಿನ ಲೈನಿನದು. ಹೊತ್ತು ಹನ್ನೊಂದು ಇಪ್ಪತ್ತು.

ಪರಶುರಾಮ ಕೌಂಟರಿಗೆ ಹೊಟ್ಟೆ ಒತ್ತಿ ನಿಂತ.

“ರಿಜಿಸ್ಟರ್ ತರ್ರಿ,” ಅಂದರು ಸಾಹೇಬರು. ಬೆರಳಿಟ್ಟು ಕೆಳಗಿಳಿದು ಹನ್ನೊಂದರ ಸಾಲಿಗೆ ನಿಂತರು. “ನಾಲ್ಕನೇ ನಂಬರು, ಅಡಿವೆಯ್ಯ, ಚಿಗಳ್ಳಿ. ಹನ್ನೊಂದರಿಂದ ಹನ್ನೆರಡು. ಕೋಣಿ ಬಿಟ್ಟಿದ್ದೂ ಹನ್ನೆರಡಕ್ಕ. ಇದು ಬರದಾಂವ ನೀನ ಏನು?”

“ಹೌದ್ರಿ.”

“ಖರೇ ಐತಿ?”

ಇಲ್ಲಿ ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಸಾಹೇಬರ ಸೊಂಟದ ಪಟ್ಟಿ, ಬಾಗಿಲಲ್ಲಿ ನಿಂತ ಪೇದೆಯ ಬೂಟು, ತನ್ನದೇ ಸಹಿ. ಅಷ್ಟೇ ಅವನಿಗೆ ಕಂಡದ್ದು.

“ಖರೇ ಐತ್ರಿ,” ಅಂದ.

ಸಾಹೇಬರು ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು. ಬೀಸುವ ದೊಣ್ಣೆ ತಪ್ಪಿತು ಎಂದು ಪರಶುರಾಮ ಕುರ್ಚಿಗೆ ಕುಸಿದ. ತಪ್ಪಿದ ದೊಣ್ಣೆ ಇನ್ನೊಬ್ಬನ ತಲೆಗೆ ಬೀಳುತ್ತದೆ ಎಂಬುದು ಹೊಳೆಯಲು ಅವನಿಗೆ ಒಂದು ರಾತ್ರಿ ಬೇಕಾಯಿತು. ಮಿಲ್ಲಿನ ಪಾಳಿಯ ಭೋಂಗಾ ಕೂಗಿದಾಗ ಬೆಚ್ಚಿ ಎದ್ದ. ರಸ್ತೆಯಲ್ಲಿ ಯಾವ ಜೀಪು ನಿಧಾನವಾದರೂ ಕುರ್ಚಿ ಬಿಟ್ಟು ಒಳಗೆ ಹೋದ.

ಶುಕ್ರವಾರ ಮುಂಜಾನೆ ಲಾಡ್ಜಿನ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಮಡಿಲಲ್ಲಿ ಬುತ್ತಿಯ ಗಂಟು. ಅಡಿವೆಯ್ಯ ಮಾಸ್ತರರ ಹೆಂಡತಿ ಶಂಕ್ರವ್ವ. ನಿನ್ನೆ ಚಿಗಳ್ಳಿಯ ಶಾಲೆಗೇ ಜೀಪು ಬಂದು, ಮಗ್ಗಿ ಹೇಳಿಸುತ್ತಿದ್ದ ಮಾಸ್ತರರನ್ನು ಮಕ್ಕಳ ಕಣ್ಣೆದುರೇ ಹತ್ತಿಸಿಕೊಂಡು ಹೋಗಿತ್ತು. ರಾತ್ರಿಯೆಲ್ಲ ದಾಂಡೇಲಿ ಠಾಣೆಯಲ್ಲಿ ಕೂಡಿಸಿದ್ದರು. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ನೀರು ಕೇಳಿದಳು. ಕುಡಿದು ಲೋಟ ಕೆಳಗಿಟ್ಟಳು.

“ಅಣ್ಣಾರ, ನಮ್ಮವರಿಗೆ ಆ ಯಂತ್ರದ ಗುಂಡಿ ಯಾವುದಂತ ಸುದ್ದಾ ಗೊತ್ತಿಲ್ಲ. ಠಾಣೇದಾಗ ಹೇಳಿದ್ರ ನಗ್ತಾರ. ಟ್ರೇನಿಂಗದಾಗ ಕಂಪ್ಯೂಟರ್ ಕಲಿಸಿದ ಕಾಗದ ಐತಲ್ಲ ಅಂತಾರ. ಹಬ್ಬದ ಹಿಂದಿನ ದಿನಾ ನಾವು ಉಳವಿಯಿಂದ ಬಂದು ನಿಮ್ಮಲ್ಲಿ ಒಂದ ರಾತ್ರಿ ಮಲಕೊಂಡಿದ್ವಿ, ಹೌದಲ್ಲೋ? ಮುಂಜಾನೆ ಬಸ್ಸು ನಿಲ್ಲಸವೊಲ್ಲ ಅಂತ ನೀವ ರಸ್ತಾಕ್ಕ ಓಡಿ ಬಂದು ಕೈ ಮಾಡಿದ್ರಿ. ನನ್ನ ಗಂಟೂ ನೀವ ಎತ್ತಿಕೊಟ್ರಿ. ಆವಾಗ ಹತ್ತೂವರಿನೂ ಆಗಿದ್ದಿಲ್ಲ. ಅಷ್ಟ ಬಂದು ಹೇಳ್ರಿ. ಬ್ಯಾರೇ ಏನೂ ಬ್ಯಾಡ.”

ಪರಶುರಾಮನಿಗೆ ನೆನಪಾಯಿತು. ಇದೇ ಗಂಟು. ಹಳಿಯಾಳದ ಬಸ್ಸು. ಪೆಟ್ಟಿಗೆ ಸರಿಯಾದ ಖುಷಿಯಲ್ಲಿ ಹೊರಗೆ ಓಡಿದ್ದ, ಕಂಡಕ್ಟರನ ಹತ್ತಿರ ಚೇಷ್ಟೆ ಕೂಡ ಮಾಡಿದ್ದ. ಮೇಲ್ ಹೋದ ಹೊತ್ತಿಗೆ ಆ ಗಂಡಹೆಂಡಿರು ಹಳಿಯಾಳದ ದಾರಿಯಲ್ಲಿದ್ದರು. ಅವರನ್ನು ಬಸ್ಸು ಹತ್ತಿಸಿದ ಕೈಯೇ ಸಂಜೆ ಅವರನ್ನು ನಾಲ್ಕನೇ ನಂಬರಿನಲ್ಲಿ ಕೂಡಿಸಿ ಲಾಗಿನ್ ಮಾಡಿಸಿತ್ತು.

“ಭಾಳ ಮಂದಿ ಬರ್ತಾರ ಅವ್ವಾ... ನೆನಪಿಲ್ಲ,” ಅಂದ.

ಅವಳು ಅವನ ಮುಖವನ್ನು ನೋಡಿದಳು. ಗಂಟು ಎತ್ತಿಕೊಂಡು ಠಾಣೆಯ ಕಡೆ ನಡೆದಳು.

ಅವಳು ತಿರುವು ದಾಟುವ ಮೊದಲೇ ಸಾವಕಾರರಿಗೆ ಫೋನು ಮಾಡಿದ. ಕಡ್ಡಿ, ತೂತು, ತೆರೆದ ಬಾಗಿಲು, ಸುಳ್ಳು ಸಾಲು, ಎಲ್ಲ ಹೇಳಿದ. ಮಲಕಪ್ಪ ಸಾವಕಾರರು ಕೇಳಿಸಿಕೊಂಡು, “ಹೇಳಿದ್ರ ಮೊದಲ ನಿನ್ನ ಒಳಗ ಹಾಕ್ತಾರ, ಆಮ್ಯಾಲ ನನ್ನ ಲಾಡ್ಜಿಗೆ ಕೀಲಿ ಬೀಳ್ತದ,” ಅಂದರು. “ಮಾಸ್ತರ ತಪ್ಪು ಮಾಡಿಲ್ಲಂದ್ರ ದೇವರ ಬಿಡಸ್ತಾನ. ಹೇಳಾಕ ಬೇಕ ಅಂದ್ರ, ಆ ಮುದುಕಿ ಪೂಜಿ ಮಾಡಿ ಕೆಡಿಸ್ಯಾಳ, ನನಗ ಗೊತ್ತಾಗಲಿಲ್ಲ ಅಂತ ಹೇಳು. ಹೆಂಗಸು, ಅಕ್ಷರ ಬರಂಗಿಲ್ಲ, ಬೈದು ಬಿಡ್ತಾರ.”

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. ಹೌದಲ್ಲ! ಕಡ್ಡಿ ಚುಚ್ಚಿದವಳು ಅವಳೇ. ಫೋನಿಟ್ಟು ತಿರುಗಿದರೆ ಸಿದ್ದಕ್ಕ ಕಸಬರಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಆ ಕಡ್ಡಿಯಿಂದ ಮಾಸ್ತರ ಜೇಲಿಗೆ ಹೊಂಟಾನಂತ, ಖರೇನೋ ತಮ್ಮಾ?” ಅಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

ಪರಶುರಾಮ ಹೌದೆಂದು ತಲೆಯಾಡಿಸಿದ. ಅವಳು ಕಸಬರಿಗೆಯನ್ನು ಗೋಡೆಗೆ ನಿಲ್ಲಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿದಳು. “ನಾ ಹೋಗಿ ಹೇಳ್ತೇನಿ. ಚುಚ್ಚಿದಾಕಿ ನಾನು. ನನಗ ಠಾಣೆ ಎಲ್ಲೈತಿ ಗೊತ್ತಿಲ್ಲ, ಅಲ್ಲೀತನಕ ಮುಟ್ಟಿಸಿ ಬಾ. ಒಳಗ ನೀ ಬರೋದು ಬ್ಯಾಡ. ನಿನಗ ಹೆದರಿಕಿ ಆಗ್ತದ.”

ಅವಳಿಗೇನೂ ಧೈರ್ಯ ಉಕ್ಕುತ್ತಿರಲಿಲ್ಲ. ಪೊಲೀಸರ ಹೆಸರಿಗೆ ಉಚ್ಚೆ ಹೊಯ್ದುಕೊಳ್ಳುವ ಜಾತಿಯೇ ಅವಳದೂ. ಆದರೂ ಮೆಟ್ಟಿಲಿಳಿಯುತ್ತಿದ್ದಳು. ಪರಶುರಾಮನಿಗೆ ನಾಚಿಕೆಯಾಯಿತು. ಭಯ ಹೋಗಲಿಲ್ಲ, ಎಳ್ಳಷ್ಟೂ ಕಡಿಮೆಯಾಗಲಿಲ್ಲ. ನಾಚಿಕೆ ಅದರ ಪಕ್ಕದಲ್ಲೇ ಬಂದು ಕೂತಿತು. “ಸಿದ್ದಕ್ಕಾ, ನಿಂದರ. ನಿಂದು ಪೂಜಿ. ಬಾಗಲಾ ಮುಚ್ಚದಾಂವ ನಾನು. ನೀ ಕೌಂಟರ್ ನೋಡಕೋ,” ಅಂದು ಅವಳನ್ನು ಒಳಗೆ ಕಳಿಸಿದ.

ಠಾಣೆಗೆ ಹದಿನೈದು ನಿಮಿಷದ ಹಾದಿ. ಅವನು ಒಂದು ತಾಸು ನಡೆದ. ಎರಡು ಸಲ ತಿರುಗಿ ಹೊರಟ. ಬಸ್ ನಿಲ್ದಾಣದಲ್ಲಿ ಕೂತು, ಯಾವ ಬಸ್ಸಾದರೂ ಹತ್ತಿ ಜೋಯಿಡಾದ ಕಾಡು ಸೇರಿಬಿಡಲೇ ಎಂದು ಯೋಚಿಸಿದ. ಕಡೆಗೆ ಠಾಣೆಯ ಹೊಸ್ತಿಲಲ್ಲಿ ಶಂಕ್ರವ್ವ ಬುತ್ತಿ ಬಿಚ್ಚದೆ ಕೂತಿದ್ದನ್ನು ಕಂಡು, ಅವಳು ತಲೆ ಎತ್ತುವ ಮೊದಲೇ ಒಳಗೆ ನುಗ್ಗಿದ.

ಸಾಹೇಬರ ಮುಂದೆ ಹೇಗೆ ಶುರು ಮಾಡಿದನೋ ಅವನಿಗೇ ಗೊತ್ತಿಲ್ಲ. ಊದಿನಕಡ್ಡಿಯಿಂದ ಹಿಡಿದು ಹೇಳಿದ. ಪೇದೆಗಳು ನಕ್ಕರು. ಸಾಹೇಬರು ನಗಲಿಲ್ಲ. ದಿನೇಶನ ನಂಬರು ಪಡೆದು ಅಲ್ಲೇ ಫೋನು ಮಾಡಿದರು. ಆ ದಿನ ಲಾಗಿನ್ ಇಲ್ಲದೆ ಪೆಟ್ಟಿಗೆ ತೆರೆದಿತ್ತು, ಬಂದ್ ಮಾಡಿ ಎಂದು ನಾನೇ ಹೇಳಿದ್ದೆ ಎಂದು ದಿನೇಶ ಒಪ್ಪಿಕೊಂಡ. ರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡವನೂ ಕಳಿಸಿರಬಹುದು ಎಂದ. ಬಸ್ಸಿನ ಸಂಗತಿಯನ್ನೂ ಪರಶುರಾಮ ಬಿಡಲಿಲ್ಲ, ಕಂಡಕ್ಟರನ ಗುರುತನ್ನೂ ಹೇಳಿದ.

“ಅಂದ್ರ ಮೊನ್ನೆ ನನ್ನ ಮುಂದ ಖರೇ ಐತಿ ಅಂದಿದ್ದು ಸುಳ್ಳು,” ಅಂದರು ಸಾಹೇಬರು.

“ಸುಳ್ಳರಿ.”

“ಇದಕ್ಕ ಏನಾಗ್ತದ ಗೊತ್ತೈತಿಲ್ಲೋ?”

ಗೊತ್ತಿರಲಿಲ್ಲ. ಗೋಡೆಗೆ ಒರಗಿ ನಿಲ್ಲು ಅಂದರು, ನಿಂತ. ಪೇದೆಯೊಬ್ಬ ಒಳಕೋಣೆಯಿಂದ ಮಾಸ್ತರರನ್ನು ಕರೆತಂದ. ಬಿಳಿ ಧೋತರ, ಬಿಳಿ ಟೊಪ್ಪಿಗೆ. ಎರಡೂ ಒಂದು ರಾತ್ರಿಗೇ ಮಾಸಿದ್ದವು. ಕನ್ನಡಕ ಕೊಟ್ಟರು, ಅವರು ಹಾಕಿಕೊಳ್ಳಲು ಹೋಗಿ ಕಿವಿ ಸಿಗದೆ ತಡವರಿಸಿದರು. ಈ ಮನುಷ್ಯ ಬಂದು ನಿಜ ಹೇಳಿದ್ದಾನೆ, ನೀವು ಮನೆಗೆ ಹೋಗಬಹುದು, ಕರೆದಾಗ ಬರಬೇಕು ಎಂದು ಸಾಹೇಬರು ಹೇಳಿದ್ದೇ ತಡ, ಅಡಿವೆಯ್ಯ ಮಾಸ್ತರರು ನೇರ ಪರಶುರಾಮನ ಹತ್ತಿರ ಬಂದು ಅವನ ಎರಡೂ ಕೈ ಹಿಡಿದುಕೊಂಡರು.

“ದೇವರು ಬಂದಂಗ ಬಂದ್ರಿ ನೀವು. ನಿಮಗೂ ಮಕ್ಕಳು ಮರಿ ಅದಾವು, ಸುಮ್ಮ ಇರಬಹುದಿತ್ತು. ನಿಮ್ಮ ಉಪಕಾರ ಸಾಯೂತನಕ ಮರಿಯಂಗಿಲ್ಲ.” ಅವರ ಕಣ್ಣಲ್ಲಿ ನೀರು ಬಂತು. “ಅದ್ಯಾವ ಪುಣ್ಯಾತ್ಮ ನನ್ನ ಹೆಸರು ಬರದನೋ. ನಾ ಯಾರಿಗೂ ಕೆಟ್ಟದ್ದು ಬಯಸಿದಾಂವಲ್ಲ.”

ಪೊಲೀಸರಿಗಿಂತ ಈ ಕೈಗಳಿಗೆ ಪರಶುರಾಮ ಹೆಚ್ಚು ಹೆದರಿದ. ಬಿಡಿಸಿಕೊಳ್ಳಲು ನೋಡಿದ. ಮಾಸ್ತರರು ಬಿಡಲಿಲ್ಲ. ಸಾಹೇಬರು ಬರೆಯುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಅವರೇ ಹೇಳಿಬಿಡಲಿ ಎಂದು ಪರಶುರಾಮ ಕಾದ. ಅವರು ಹೇಳಲಿಲ್ಲ.

“ಬರದಾಂವ ನಾನರಿ,” ಅಂದ.

ಹಿಡಿದ ಕೈ ಸಡಿಲಾಯಿತು. “ನೀವಾ? ನೀವು ಬಸ್ಸಿಗೆ ಕೈ ಮಾಡಿದ್ರಿ.”

“ಹೌದ್ರಿ.”

“ನಾನೇನರ ತಪ್ಪು ಮಾತಾಡಿದ್ನೇನು ಅವತ್ತ? ಕೋಣ್ಯಾಗ ಏನರ ಹೊಲಸು ಮಾಡಿದ್ವೇನು?”

“ಇಲ್ಲರಿ. ಏನೂ ಇಲ್ಲ.”

“ಮತ್ತ ಹನ್ನೆರಡು ಕೋಣಿ ಇದ್ವಲ್ಲ. ನನ್ನ ಹೆಸರ ಯಾಕ?”

ಪರಶುರಾಮ ನೆನಪು ಮಾಡಿಕೊಂಡ. ಅಂದು ಸಂಜೆ ಪೆನ್ನು ಹಿಡಿದು ಹನ್ನೊಂದರ ಸಾಲಿಗೆ ಬಂದಾಗ ತಲೆಯಲ್ಲಿ ಏನಿತ್ತು ಎಂದು ಪ್ರಾಮಾಣಿಕವಾಗಿ ಹುಡುಕಿದ. ದೊಡ್ಡ ಕಾರಣ ಏನಾದರೂ ಸಿಗಲಿ ಎಂದು ಆಸೆಪಟ್ಟ. ಸಿಕ್ಕಿದ್ದು ಒಂದೇ.

“ಅದು ಪುಟದ ಕಟ್ಟಕಡೀ ಸಾಲರಿ. ಜಾಗಾ ಭಾಳ ಸಣ್ಣದಿತ್ತು. ಪುಣೆಯವರ ಹೆಸರು ಉದ್ದ ಇದ್ವು, ಹಿಡೀತಿದ್ದಿಲ್ಲ. ನಿಮ್ಮದು ಸಣ್ಣ ಹೆಸರು.”

ಮಾಸ್ತರರು ಕನ್ನಡಕ ಸರಿಪಡಿಸಿಕೊಂಡು ಅವನನ್ನು ನೋಡಿದರು. ಹೊರಗೆ ಶಂಕ್ರವ್ವ ಬಾಗಿಲಿಗೆ ಬಂದು ನಿಂತಿದ್ದಳು.

“ಅಷ್ಟಕ್ಕ?” ಅಂದರು.

“ಅಷ್ಟಕ್ಕರಿ,” ಅಂದ ಪರಶುರಾಮ.